ಸಿಡಿ26 ಪ್ರತಿಕಾಯವನ್ನು ಮತ್ತೆ ಕೆಲಸಕ್ಕೆ ತಂದ ಏಳು ವಾರಗಳ ದಾಖಲೆ

ಕರುಳಿನ ಒಳಪದರದ ಜೀವಕೋಶಗಳು ಬಲಿಯುತ್ತ ಹೋದಂತೆ ಅವುಗಳ ಮೇಲ್ಮೈಯಲ್ಲಿರುವ ಡಿಪಿಪಿ4 (ಸಿಡಿ26 ಎಂಬುದೂ ಇದರದೇ ಹೆಸರು) ಎಂಬ ಕಿಣ್ವ ಎಷ್ಟು ಹೆಚ್ಚುತ್ತದೆ ಎಂದು ಅಳೆಯುವುದು ನಮಗೆ ಬೇಕಾಗಿದ್ದ ಕೆಲಸ. ಅದಕ್ಕೆ ಬೇಕಾದ ಪ್ರತಿಕಾಯ, ಅಂದರೆ ಆ ಕಿಣ್ವವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನು, ಬೆಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ಆಗಲೇ ಇತ್ತು. ಹಿಂದೆ ಇಲ್ಲಿ ಕೆಲಸ ಮಾಡಿದವರು ಬಿಟ್ಟುಹೋದ ಟ್ಯೂಬಿನಲ್ಲಿ ಸುಮಾರು 90 ಮೈಕ್ರೋಲೀಟರ್ ಉಳಿದಿತ್ತು. ಒಂದು ವಾರದಲ್ಲಿ ಮುಗಿಯಬೇಕಾಗಿದ್ದ ಪೂರ್ವಸಿದ್ಧತೆ ಏಳು ವಾರ ಹಿಡಿಯಿತು. ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಹಾಳೆಗೆ ವರ್ಗಾಯಿಸಿ, ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆಯೇ ವೆಸ್ಟರ್ನ್ ಬ್ಲಾಟ್. ಮೊದಲ ಬ್ಲಾಟ್‌ನಲ್ಲಿ 110 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಬಳಿ ಬರಬೇಕಿದ್ದ ಗೆರೆ ಬರಲೇ ಇಲ್ಲ, ಬದಲಿಗೆ 55ರ ಆಸುಪಾಸಿನಲ್ಲಿ ದಪ್ಪನೆಯ ಗೆರೆಯೊಂದು ಮೂಡಿತು. ಹೊಳೆಯುವ ಪ್ರತಿಕಾಯ ಅಂಟಿದ ಜೀವಕೋಶಗಳ ಹೊಳಪನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ಓಡಿಸಿದಾಗ ಈ ಕಿಣ್ವ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರುವ ಜೀವಕೋಶಗಳೂ ಹೊಳೆದವು. ಒಂದೇ ಪ್ರತಿಕಾಯ ಒಂದು ಕಡೆ ಏನನ್ನೂ ಹಿಡಿಯದೆ, ಇನ್ನೊಂದು ಕಡೆ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಿದ್ದುದರಿಂದ ದೋಷ ಒಂದಲ್ಲ, ಹಲವು ಇರಬೇಕು ಎಂದು ಊಹಿಸಿ ಒಂದೊಂದನ್ನೇ ಬಿಡಿಸುತ್ತ ಹೋದೆವು. ಇದೇ ಕಿಣ್ವದ ಮೇಲೆ, ಅಥವಾ ಪೊರೆಯಲ್ಲಿ ನೆಟ್ಟಿರುವ ಬೇರಾವುದೇ ಪ್ರೋಟೀನಿನ ಮೇಲೆ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರಲಿ ಎಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡದ್ದನ್ನು ಇಲ್ಲಿ ವಿಸ್ತರಿಸಿದ್ದೇನೆ.

ಕಿಣ್ವದ ಪರಿಚಯ ಸ್ವಲ್ಪ ಬೇಕು, ಏಕೆಂದರೆ ಮುಂದೆ ಎದುರಾದ ತೊಡಕುಗಳೆಲ್ಲ ಅದರ ರಚನೆಯಿಂದಲೇ ಹುಟ್ಟಿದವು. 1966ರಲ್ಲಿ ಹೋಪ್ಸು-ಹಾವು ಮತ್ತು ಗ್ಲೆನ್ನರ್ ಇಲಿಯ ಯಕೃತ್ತಿನಲ್ಲಿ ಇದನ್ನು ಮೊದಲು ಗುರುತಿಸಿದರು. ಟಿ ಜೀವಕೋಶಗಳ ಮೇಲೆ ಪ್ರತಿಕಾಯಗಳ ನೆರವಿನಿಂದ ಪತ್ತೆಯಾಗಿದ್ದ ಸಿಡಿ26 ಎಂಬ ಗುರುತೂ ಈ ಕಿಣ್ವವೂ ಒಂದೇ ಎಂಬುದು ಆಮೇಲೆ ತಿಳಿಯಿತು. ಮನುಷ್ಯನ ಡಿಪಿಪಿ4ರಲ್ಲಿ 766 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಮೊದಲ ಆರು ಮಾತ್ರ ಜೀವಕೋಶದ ಒಳಗೆ, ಮುಂದಿನ 22 ಪೊರೆಯಲ್ಲಿ, ಉಳಿದದ್ದೆಲ್ಲ ಹೊರಗೆ. ಹೊರಗಿನ ಭಾಗದಲ್ಲಿ ಎಂಟು ರೆಕ್ಕೆಗಳ ಗಾಳಿಗಿರಿಗಿಟ್ಟೆಯಂತಹ ಒಂದು ಮಡಿಕೆಯಿದೆ, ಅದಕ್ಕೆ ಅಂಟಿಕೊಂಡಂತೆ ಕತ್ತರಿಸುವ ಕೆಲಸ ಮಾಡುವ ಇನ್ನೊಂದು ಮಡಿಕೆಯಿದೆ, ಐದು ಡೈಸಲ್ಫೈಡ್ ಬಂಧಗಳು ಇವನ್ನು ಬಿಗಿದಿಟ್ಟಿವೆ, ಮೇಲೆ ಒಂಬತ್ತು ಕಡೆ ಸಕ್ಕರೆಯ ಸರಪಳಿಗಳು ಕೂರಬಲ್ಲ ಜಾಗಗಳಿವೆ. ಪೊರೆಯ ಮೇಲೆ ಇದು ಎರಡೆರಡಾಗಿ ಜೋಡಿಗೂಡಿ ನಿಲ್ಲುತ್ತದೆ. ಪೆಪ್ಟೈಡಿನ ಮೊದಲ ತುದಿಯಿಂದ ಎರಡನೆಯ ಸ್ಥಾನದಲ್ಲಿ ಪ್ರೋಲೀನ್ ಅಥವಾ ಅಲನೀನ್ ಇದ್ದರೆ ಆ ಮೊದಲ ಎರಡು ಅಮೈನೋ ಆಮ್ಲಗಳನ್ನು ಕತ್ತರಿಸಿ ಹಾಕುವುದು ಇದರ ಕಸುಬು. ಇನ್ಸುಲಿನ್ ಸ್ರವಿಸುವಂತೆ ಪ್ರಚೋದಿಸುವ ಜಿಎಲ್‌ಪಿ-1 ಹಾರ್ಮೋನು ಕೆಲವೇ ನಿಮಿಷಗಳಲ್ಲಿ ನಿಷ್ಕ್ರಿಯವಾಗುವುದು ಮುಖ್ಯವಾಗಿ ಈ ಕತ್ತರಿಯಿಂದಲೇ. ಆದ್ದರಿಂದಲೇ ಇದನ್ನು ತಡೆಯುವ ಸಿಟಾಗ್ಲಿಪ್ಟಿನ್ 2006ರಲ್ಲಿ ಸಕ್ಕರೆ ಕಾಯಿಲೆಯ ಔಷಧವಾಗಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. 2022ರಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ನಮ್ಮ ಊರುಗಳ ಔಷಧಿ ಅಂಗಡಿಗಳಲ್ಲೂ ಅಗ್ಗದ ಬೆಲೆಗೆ ಸಿಗುವಂತಾಯಿತು. 2013ರಲ್ಲಿ ಮೆರ್ಸ್ ಕೊರೊನಾ ವೈರಸ್ ಜೀವಕೋಶದೊಳಗೆ ನುಗ್ಗಲು ಹಿಡಿಯುವ ಹಿಡಿಕೆಯೂ ಇದೇ ಎಂದು ಗೊತ್ತಾಯಿತು. ನನ್ನ ತಾಯಿ ದಿನವೂ ನುಂಗುವ ಮಾತ್ರೆ ಹಿಡಿಯುವ ಪ್ರೋಟೀನನ್ನೇ ನಾನು ಜೆಲ್‌ನಲ್ಲಿ ಹುಡುಕುತ್ತಿದ್ದೇನೆ ಎಂಬ ಅರಿವು ಈ ಏಳು ವಾರಗಳ ಉದ್ದಕ್ಕೂ ನನ್ನ ಜೊತೆಗಿತ್ತು.

ಮೊದಲ ವಾರ: ಟ್ಯೂಬಿನ ತಪಾಸಣೆ

ಟ್ಯೂಬಿನ ಮೇಲಿನ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಇಲಿಯಲ್ಲಿ ತಯಾರಾದ ಏಕತದ್ರೂಪಿ ಪ್ರತಿಕಾಯ, ಮನುಷ್ಯನ ಸಿಡಿ26ಕ್ಕೆ, ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಎಂಬಷ್ಟನ್ನು ಓದಲು ಸಾಧ್ಯವಾಯಿತು. ಪ್ರತಿಕಾಯ ಹುಟ್ಟಿದ ಕೋಶವಂಶವನ್ನು ಸೂಚಿಸುವ ಕ್ಲೋನ್ ಸಂಖ್ಯೆ ಹಿಡಿದು ಮಾಹಿತಿ ಪತ್ರವನ್ನು ಹುಡುಕಿ ಓದಿದಾಗ ಎರಡು ವಿಷಯಗಳು ಕಣ್ಣಿಗೆ ಬಿದ್ದವು. ಮೊದಲನೆಯದು, ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಪ್ಪುಗಟ್ಟಿಸಬಾರದು ಎಂಬ ಸೂಚನೆ. ಎರಡನೆಯದು, ತಯಾರಕರು ಇದನ್ನು ಪರೀಕ್ಷಿಸಿದ್ದು ಫ್ಲೋ ಸೈಟೋಮೆಟ್ರಿಗೆ ಮಾತ್ರ ಎಂಬ ಸಂಗತಿ. ವೆಸ್ಟರ್ನ್ ಬ್ಲಾಟ್‌ನ ಹೆಸರೇ ಆ ಪತ್ರದಲ್ಲಿ ಇರಲಿಲ್ಲ. ಪತ್ರವನ್ನು ಮೊದಲೇ ಓದಿದ್ದರೆ ಒಂದು ತಿಂಗಳ ಜೆಲ್‌ಗಳು ಉಳಿಯುತ್ತಿದ್ದವು ಎಂದು ಈಗ ಅನ್ನಿಸುತ್ತದೆ. ಆದರೂ ಪತ್ರದಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಆಗುವುದೇ ಇಲ್ಲ ಎಂದು ಅರ್ಥವಲ್ಲ. ಯಾರೂ ಮಾಡಿ ನೋಡಿಲ್ಲ ಎಂದೂ ಆಗಬಹುದು.

ಟ್ಯೂಬು ಇದ್ದದ್ದು ಮೈನಸ್ 20ರ ಫ್ರೀಜರ್‌ನ ಬಾಗಿಲಿನ ಹಲಗೆಯಲ್ಲಿ. ಅದು ಹಿಮ ಕಟ್ಟದಂತೆ ಆಗಾಗ ತಾನೇ ಬಿಸಿಯಾಗಿ ಮತ್ತೆ ತಣ್ಣಗಾಗುವ ಮಾದರಿಯ ಫ್ರೀಜರ್. ಅಂತಹದರ ಬಾಗಿಲಿನಲ್ಲಿ ಎರಡು ವರ್ಷ ಇದ್ದ ಪ್ರತಿಕಾಯ ಎಷ್ಟು ಸಲ ಕರಗಿ ಎಷ್ಟು ಸಲ ಹೆಪ್ಪುಗಟ್ಟಿರಬಹುದು ಎಂಬುದಕ್ಕೆ ಲೆಕ್ಕವೇ ಇಲ್ಲ. ಹೀಗೆ ಪದೇಪದೇ ಹೆಪ್ಪುಗಟ್ಟಿದಾಗ ಪ್ರತಿಕಾಯದ ಅಣುಗಳು ಒಂದಕ್ಕೊಂದು ಅಂಟಿ ಗಂಟುಗಳಾಗುತ್ತವೆ. ಗಂಟುಗಳಿಗೆ ಗುರಿಯ ಹಂಗಿಲ್ಲ, ಸಿಕ್ಕ ಸಿಕ್ಕ ಜೀವಕೋಶಕ್ಕೆ ಅಂಟಿಕೊಳ್ಳುತ್ತವೆ. ಟ್ಯೂಬನ್ನು ಮಂಜುಗಡ್ಡೆಯ ಮೇಲೆ ನಿಧಾನವಾಗಿ ಕರಗಿಸಿ, 4 ಡಿಗ್ರಿಯಲ್ಲಿ ಗುರುತ್ವದ 13,000 ಪಟ್ಟು ಬಲದಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿದೆವು. ದೀಪಕ್ಕೆ ಹಿಡಿದು ನೋಡಿದಾಗ ತಳದ ಒಂದು ಬದಿಯಲ್ಲಿ ಒದ್ದೆ ಉಗುರಿನ ಗುರುತಿನಷ್ಟು ತೆಳುವಾದ ಬಿಳಿಯ ಪೊರೆ ಕಂಡಿತು. ಅದನ್ನು ಕದಡದಂತೆ ಮೇಲಿನ ದ್ರವವನ್ನಷ್ಟೇ ಹೊಸ ಟ್ಯೂಬಿಗೆ ತೆಗೆದುಕೊಂಡೆವು. ಈ ಸಂಗ್ರಹದಲ್ಲಿ ಬೇರೆ ಪ್ರೋಟೀನ್ ಬೆರೆಸಿಲ್ಲ ಎಂದು ಮಾಹಿತಿ ಪತ್ರ ಹೇಳಿದ್ದರಿಂದ 280 ನ್ಯಾನೋಮೀಟರ್‌ನಲ್ಲಿ ಅಳೆಯಲು ಅಡ್ಡಿಯಿರಲಿಲ್ಲ. ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಐಜಿಜಿ (ನಮ್ಮ ಪ್ರತಿಕಾಯ ಸೇರಿದ ವರ್ಗ) ಸುಮಾರು 1.4 ಅಳತೆ ಕೊಡುತ್ತದೆ; ಆ ಲೆಕ್ಕದಲ್ಲಿ ನಮ್ಮದು ಮಿಲಿಲೀಟರಿಗೆ 0.8 ಮಿಲಿಗ್ರಾಂಗೆ ಇಳಿದಿತ್ತು. ಐದನೆಯ ಒಂದು ಭಾಗ ಹೋಗಿದೆ, ಉಳಿದದ್ದು ದ್ರವದಲ್ಲೇ ಇದೆ. ಇಷ್ಟು ಸಾಕು ಎಂದು ಮುಂದುವರಿದೆವು. ಹೊಸ ಟ್ಯೂಬಿಗೂ ಬೇಡಿಕೆ ಸಲ್ಲಿಸಿದೆವು, ಆದರೆ ಹೊರದೇಶದಿಂದ ಮಂಜಿನ ಪೆಟ್ಟಿಗೆಯಲ್ಲಿ ಬಂದು ಕಸ್ಟಮ್ಸ್ ದಾಟಿ ಕೈಸೇರಲು ವಾರಗಳೇ ಹಿಡಿಯುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಎರಡನೆಯ ವಾರ: 55ರ ಗೆರೆ

ಆ ದಪ್ಪನೆಯ ಗೆರೆಯನ್ನು ಡಿಪಿಪಿ4ರ ತುಂಡು ಎಂದು ನಂಬುವುದು ಸುಲಭವಿತ್ತು. ಜೀವಕೋಶವನ್ನು ಒಡೆಯುವಾಗ ಕಿಣ್ವ ಅರ್ಧಕ್ಕೆ ತುಂಡಾಗಿದೆ, 110ರ ಅರ್ಧ 55 ಎಂಬ ಲೆಕ್ಕವೂ ಸರಿಹೊಂದುತ್ತಿತ್ತು. ಸರಿಹೊಂದುವ ಲೆಕ್ಕವನ್ನೇ ಮೊದಲು ಅನುಮಾನಿಸಬೇಕು ಎಂದು ನಾನು ಕಲಿತದ್ದು ಇಲ್ಲಿ. ಪ್ರತಿಕಾಯವನ್ನು ಉಳಿಸಲು ಪೊರೆಹಾಳೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯನ್ನು ಒಂದೂವರೆ ಮಿಲಿಲೀಟರ್ ದ್ರವದಲ್ಲಿ ಬೇರೆ ಬೇರೆಯಾಗಿ ತೊಯ್ಯಿಸಿದೆವು. ಒಂದು ಪಟ್ಟಿಗೆ ಮೊದಲ ಪ್ರತಿಕಾಯವನ್ನು (ಪ್ರೈಮರಿ, ಅಂದರೆ ಸಿಡಿ26ರದ್ದನ್ನು) ಹಾಕಲೇ ಇಲ್ಲ, ಇಲಿಯ ಪ್ರತಿಕಾಯವನ್ನು ಹಿಡಿಯುವ ಎರಡನೆಯ ಪ್ರತಿಕಾಯವನ್ನಷ್ಟೇ ಹಾಕಿದೆವು. ನನ್ನ ಜೊತೆ ಕೆಲಸ ಮಾಡುವ ವಿದ್ಯಾರ್ಥಿನಿ ಚಿತ್ರ ತೆಗೆಯುವ ಯಂತ್ರದ ಮುಂದೆ ನಿಂತವಳು ತಿರುಗಿ, “ಮೇಡಂ, ಪ್ರೈಮರಿ ಹಾಕದ ಪಟ್ಟಿಯಲ್ಲೂ ಅದೇ ಗೆರೆ ಅಷ್ಟೇ ದಪ್ಪ ಬಂದಿದೆ ನೋಡಿ” ಎಂದಳು. ಅಲ್ಲಿಗೆ ಆ ಗೆರೆಗೂ ಡಿಪಿಪಿ4ಕ್ಕೂ ಸಂಬಂಧವಿಲ್ಲ ಎಂಬುದು ಖಚಿತವಾಯಿತು.

ಹಾಗಾದರೆ ಅದು ಏನು? ಜೀವಕೋಶಗಳನ್ನು ಬೆಳೆಸುವ ದ್ರವದಲ್ಲಿ ಶೇಕಡಾ 10ರಷ್ಟು ಆಕಳ ಭ್ರೂಣದ ಸೀರಂ ಇರುತ್ತದೆ. ಅದರಲ್ಲಿ ಅಲ್ಪ ಪ್ರಮಾಣದಲ್ಲಿ ಆಕಳ ಐಜಿಜಿಯೂ ಇರುತ್ತದೆ, ಮತ್ತು ಐಜಿಜಿಯ ಭಾರದ ಸರಪಳಿಯ ತೂಕ 50ರಿಂದ 55 ಕಿಲೋಡಾಲ್ಟನ್. ಮೇಕೆಯಲ್ಲಿ ತಯಾರಾದ ನಮ್ಮ ಎರಡನೆಯ ಪ್ರತಿಕಾಯ ಇಲಿಯ ಐಜಿಜಿಯ ಜೊತೆಗೆ ಆಕಳದ್ದನ್ನೂ ಹಿಡಿಯುತ್ತಿತ್ತು. ಜೀವಕೋಶಗಳನ್ನು ಒಡೆಯುವ ಮೊದಲು ಒಂದೇ ಸಲ ತೊಳೆಯುತ್ತಿದ್ದುದು ಸಾಲದೆ ಸೀರಂ ಉಳಿದುಕೊಳ್ಳುತ್ತಿತ್ತು. ತಣ್ಣನೆಯ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಮೂರು ಸಲ ತೊಳೆದಾಗ ಗೆರೆ ಮುಕ್ಕಾಲು ಪಾಲು ಮಾಯವಾಯಿತು. ಆಕಳ, ಮನುಷ್ಯನ ಐಜಿಜಿಗಳಿಗೆ ಅಂಟುವ ಭಾಗವನ್ನು ಮೊದಲೇ ಹೀರಿ ತೆಗೆದಿರುವ ಎರಡನೆಯ ಪ್ರತಿಕಾಯವನ್ನು ಪಕ್ಕದ ಪ್ರಯೋಗಾಲಯದಿಂದ ಕೇಳಿ ತಂದು ಬಳಸಿದಾಗ ಪೂರ್ತಿ ಹೋಯಿತು. ಖಾಲಿ ಜಾಗವನ್ನು ಮುಚ್ಚಲು ಬಳಸುವ ಹಾಲಿನ ಪುಡಿಯಲ್ಲೂ ಆಕಳ ಐಜಿಜಿ ಇರುವುದರಿಂದ ಹಳೆಯ ಪಟ್ಟಿಗಳ ಹಿನ್ನೆಲೆ ಏಕೆ ಅಷ್ಟು ಮಬ್ಬಾಗಿತ್ತು ಎಂಬುದೂ ಇದರ ಜೊತೆಗೇ ತಿಳಿಯಿತು.

ಮೂರು ಮತ್ತು ನಾಲ್ಕನೆಯ ವಾರ: ಕುದಿಸಿದ್ದೂ ಕುದಿಸದ್ದೂ

55ರ ಗೆರೆ ಹೋದ ಮೇಲೆ ಪಟ್ಟಿಯಲ್ಲಿ ಏನೂ ಉಳಿಯಲಿಲ್ಲ. ಜೆಲ್, ವರ್ಗಾವಣೆ, ಮೊದಲ ಪ್ರತಿಕಾಯ, ಎರಡನೆಯ ಪ್ರತಿಕಾಯ, ಬೆಳಕು ಕೊಡುವ ದ್ರಾವಣ ಎಂಬ ಸರಣಿಯಲ್ಲಿ ಎಲ್ಲಿ ಕೊಂಡಿ ಕಳಚಿದೆ ಎಂದು ತಿಳಿಯಲು ಜೆಲ್ಲನ್ನೇ ಬಿಟ್ಟು ಚುಕ್ಕೆ ಪರೀಕ್ಷೆಗೆ ಇಳಿದೆವು. ನೈಟ್ರೋಸೆಲ್ಯುಲೋಸ್ ಹಾಳೆಯ ಚೂರಿನ ಮೇಲೆ ಮೊದಲ ಪ್ರತಿಕಾಯವನ್ನೇ ಒಂದು ಮೈಕ್ರೋಲೀಟರ್ ಚುಕ್ಕೆಯಿಟ್ಟು, ಒಣಗಿಸಿ, ಎರಡನೆಯ ಪ್ರತಿಕಾಯ ಹಾಕಿದೆವು. ಇದು ಹೊಳೆಯಲೇಬೇಕು. ಹೊಳೆಯಲಿಲ್ಲ.

ಕಾರಣ ತೊಳೆಯುವ ಬಫರ್‌ನ ಬಾಟಲಿಯಲ್ಲಿತ್ತು. ಬೂಷ್ಟು ಹಿಡಿಯದಿರಲಿ ಎಂದು ಯಾರೋ ಆ ಬಾಟಲಿಗೆ ಸೋಡಿಯಂ ಅಜೈಡ್ ಸೇರಿಸಿದ್ದರು. ಬಾಟಲಿಯ ಹಿಂಬದಿಯಲ್ಲಿ ಸಣ್ಣಗೆ ಬರೆದೂ ಇದ್ದರು. ಎರಡನೆಯ ಪ್ರತಿಕಾಯಕ್ಕೆ ಅಂಟಿಸಿರುವ ಪೆರಾಕ್ಸಿಡೇಸ್ ಕಿಣ್ವವನ್ನು ಅಜೈಡ್ ನಿಲ್ಲಿಸಿಬಿಡುತ್ತದೆ. ಮೊದಲ ಪ್ರತಿಕಾಯದ ಸಂಗ್ರಹದಲ್ಲಿರುವ ಅಜೈಡ್ ಸಾವಿರ ಪಟ್ಟು ತೆಳುವಾಗಿ ತೊಳೆದುಹೋಗುವುದರಿಂದ ಅದರಿಂದ ತೊಂದರೆಯಿಲ್ಲ, ಆದರೆ ಕೊನೆಯ ತೊಳೆತದಲ್ಲಿ ಇದ್ದರೆ ಬೆಳಕೇ ಹುಟ್ಟುವುದಿಲ್ಲ. ಹೊಸ ಬಫರ್ ಮಾಡಿಕೊಂಡ ಮೇಲೆ ಚುಕ್ಕೆ ಹತ್ತು ಸೆಕೆಂಡಿನಲ್ಲಿ ಹೊಳೆಯಿತು. ಅಂದಿನಿಂದ ಅಜೈಡ್ ಇರುವ ಬಾಟಲಿಗಳಿಗೆ ಕೆಂಪು ಟೇಪು ಸುತ್ತುವುದನ್ನು ಕಡ್ಡಾಯ ಮಾಡಿದ್ದೇವೆ.

ಸರಣಿಯ ಕೊನೆಯ ಭಾಗ ಸರಿಯಾದ ಮೇಲೆ ಅದೇ ಚುಕ್ಕೆ ಪರೀಕ್ಷೆಯನ್ನು ಇನ್ನೊಂದು ಪ್ರಶ್ನೆಗೆ ಬಳಸಿದೆವು. ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಬಂದ ಕಾಕೋ-2 ಎಂಬ ಜೀವಕೋಶಗಳು ತಟ್ಟೆ ತುಂಬಿದ ಮೇಲೂ ಹಾಗೆಯೇ ಬಿಟ್ಟರೆ ಸಣ್ಣ ಕರುಳಿನ ಜೀವಕೋಶಗಳ ಗುಣ ತಳೆಯುತ್ತವೆ, ಮತ್ತು ಡಿಪಿಪಿ4 ಅವುಗಳ ಮೇಲೆ ಹೇರಳವಾಗಿರುತ್ತದೆ. ಇವನ್ನು ಶೇಕಡಾ 1ರ ಟ್ರೈಟಾನ್ ಎಕ್ಸ್-100ರಲ್ಲಿ ಕರಗಿಸಿದೆವು. ಪೊರೆ ಕರಗಬೇಕು, ಪ್ರೋಟೀನಿನ ಮಡಿಕೆ ಬಿಚ್ಚಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಕೆಲಸಕ್ಕೆ ಟ್ರೈಟಾನ್‌ನಂತಹ ಮೃದು ಮಾರ್ಜಕವೇ ಸರಿ. ಆ ದ್ರವದ ಒಂದು ಪಾಲನ್ನು ಹಾಗೆಯೇ, ಇನ್ನೊಂದು ಪಾಲನ್ನು ಮಡಿಕೆ ಬಿಚ್ಚುವ ಕಟು ಮಾರ್ಜಕವಾದ ಎಸ್‌ಡಿಎಸ್ ಮತ್ತು ಡೈಸಲ್ಫೈಡ್ ಬಂಧ ಮುರಿಯುವ ಡಿಟಿಟಿ ಸೇರಿಸಿ 95 ಡಿಗ್ರಿಯಲ್ಲಿ ಐದು ನಿಮಿಷ ಕುದಿಸಿ, ಅಕ್ಕಪಕ್ಕದಲ್ಲಿ ಚುಕ್ಕೆಯಿಟ್ಟೆವು. ಕುದಿಸದ ಚುಕ್ಕೆ ದುಂಡಗೆ, ಅಂಚು ಹರಿತವಾಗಿ ಹೊಳೆಯಿತು. ಕುದಿಸಿದ ಚುಕ್ಕೆಯ ಜಾಗದಲ್ಲಿ ಹಾಳೆ ಖಾಲಿಯಾಗಿಯೇ ಉಳಿಯಿತು. ಎರಡರಲ್ಲೂ ಪ್ರೋಟೀನ್ ಅಷ್ಟೇ ಇದೆ ಎಂಬುದನ್ನು ಪಾನ್ಸೋ ಬಣ್ಣ ಹಾಕಿ ಮೊದಲೇ ನೋಡಿಕೊಂಡಿದ್ದೆವು. ಒಂದು ತಿಂಗಳಿನಿಂದ ಕಾಡಿದ ಪ್ರಶ್ನೆಗೆ ಅಂಚೆಚೀಟಿಯಷ್ಟು ಹಾಳೆಯಲ್ಲಿ ಉತ್ತರ ಸಿಕ್ಕಿತು: ಈ ಪ್ರತಿಕಾಯ ಗುರುತಿಸುವುದು ಅಮೈನೋ ಆಮ್ಲಗಳ ಸಾಲನ್ನಲ್ಲ, ಸರಪಳಿ ಮಡಿಚಿಕೊಂಡಾಗ ಮೂಡುವ ಆಕಾರವನ್ನು. ಜೀವಂತ ಕೋಶಗಳ ಮೇಲಿನ ಪ್ರೋಟೀನನ್ನು ಗುರುತಿಸುವಂತೆ ಆರಿಸಿದ ಪ್ರತಿಕಾಯಗಳಲ್ಲಿ ಇದು ಸಾಮಾನ್ಯ. ನಾವು ಆ ಆಕಾರವನ್ನು ಕುದಿಸಿ, ಡೈಸಲ್ಫೈಡ್ ಬಂಧಗಳನ್ನೂ ಮುರಿದು, ಆಮೇಲೆ ಅದನ್ನು ಹುಡುಕಿಕೊಡು ಎಂದು ಪ್ರತಿಕಾಯವನ್ನು ಕೇಳುತ್ತಿದ್ದೆವು.

ಇನ್ನು ಜೆಲ್ಲಿಗೆ ಹಿಂತಿರುಗಬಹುದಿತ್ತು. ಒಂದೇ ಮಾದರಿಯನ್ನು 25, 37, 60 ಮತ್ತು 95 ಡಿಗ್ರಿಗಳಲ್ಲಿ ಹತ್ತು ಹತ್ತು ನಿಮಿಷ ಇಟ್ಟು, ಪ್ರತಿಯೊಂದನ್ನೂ ಡಿಟಿಟಿ ಸಹಿತ ಮತ್ತು ಡಿಟಿಟಿ ರಹಿತವಾಗಿ, ಒಟ್ಟು ಎಂಟು ಸಾಲುಗಳಲ್ಲಿ ಶೇಕಡಾ 7.5ರ ಜೆಲ್‌ನಲ್ಲಿ ಓಡಿಸಿದೆವು. ದೊಡ್ಡ ಪ್ರೋಟೀನು ಜೆಲ್ಲಿನಿಂದ ಸಲೀಸಾಗಿ ಹೊರಬರಲಿ ಎಂದು ಮೆಥನಾಲನ್ನು ಶೇಕಡಾ 10ಕ್ಕೆ ಇಳಿಸಿ, ಶೀತಲ ಕೋಣೆಯಲ್ಲಿ 30 ವೋಲ್ಟ್‌ನಲ್ಲಿ ರಾತ್ರಿಯಿಡೀ ವರ್ಗಾಯಿಸಿದೆವು. ಬೆಳಿಗ್ಗೆ ನೋಡಿದರೆ 25 ಮತ್ತು 37ರ ಸಾಲುಗಳಲ್ಲಿ, ಡಿಟಿಟಿ ಇಲ್ಲದ ಕಡೆ, 150ರ ಗುರುತಿನಿಂದ ಸಾಕಷ್ಟು ಮೇಲೆ ಒಂದೇ ಒಂದು ಗೆರೆ ಇತ್ತು. 60ರಲ್ಲಿ ಅದರ ನೆರಳು ಮಾತ್ರ. 95ರಲ್ಲಿ ಏನೂ ಇಲ್ಲ. ಗೆರೆ 110ರಲ್ಲಿ ಬರದೆ ಅಷ್ಟು ಮೇಲೆ ಬಂದದ್ದೂ ಸರಿಯೇ, ಏಕೆಂದರೆ ಕುದಿಸದಿದ್ದರೆ ಡಿಪಿಪಿ4ರ ಜೋಡಿ ಎಸ್‌ಡಿಎಸ್‌ನಲ್ಲೂ ಬಿಡುವುದಿಲ್ಲ.

ಆ ಗೆರೆ ನಿಜಕ್ಕೂ ನಮ್ಮ ಕಿಣ್ವವೇ ಎಂದು ಕಿಣ್ವದ ಬಾಯಿಂದಲೇ ಕೇಳುವ ದಾರಿಯೊಂದಿತ್ತು. ಅದೇ ರೀತಿ ಕುದಿಸದೆ ಓಡಿಸಿದ ಇನ್ನೊಂದು ಜೆಲ್ ಪಟ್ಟಿಯನ್ನು ಟ್ರೈಟಾನ್‌ನಲ್ಲಿ ಎರಡು ಸಲ ತೊಳೆದು ಎಸ್‌ಡಿಎಸ್ ತೆಗೆದು, ಗ್ಲೈಸಿಲ್-ಪ್ರೋಲಿಲ್-ಎಎಂಸಿ ಬೆರೆಸಿದ ಪಿಎಚ್ 8ರ ಟ್ರಿಸ್ ಬಫರ್‌ನಲ್ಲಿ 37 ಡಿಗ್ರಿಯಲ್ಲಿ ಇಟ್ಟೆವು. ಡಿಪಿಪಿ4 ಈ ಪೆಪ್ಟೈಡನ್ನು ಕತ್ತರಿಸಿದರೆ ಬಿಡುಗಡೆಯಾಗುವ ಎಎಂಸಿ ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಕೋಣೆಯ ದೀಪ ಆರಿಸಿ, ಕನ್ನಡಕ ಹಾಕಿಕೊಂಡು ಇಬ್ಬರೂ ಬಗ್ಗಿ ನೋಡುತ್ತಿದ್ದಂತೆ ಹದಿನೈದನೆಯ ನಿಮಿಷಕ್ಕೆ ಜೆಲ್ಲಿನ ಮೇಲ್ಭಾಗದಲ್ಲಿ ಮಂದವಾದ ನೀಲಿ ಅಡ್ಡಗೆರೆಯೊಂದು ಮೂಡಿತು. ನಿಂತಷ್ಟೂ ಅದು ಗಟ್ಟಿಯಾಗುತ್ತ, ಎಎಂಸಿ ಹರಡುತ್ತಿದ್ದುದರಿಂದ ಅಂಚು ಕಳೆದುಕೊಳ್ಳುತ್ತ ಹೋಯಿತು; ಚಿತ್ರವನ್ನು ಆ ಕೆಲವೇ ನಿಮಿಷಗಳಲ್ಲಿ ತೆಗೆಯಬೇಕು. ಬ್ಲಾಟ್‌ನ ಪಕ್ಕದಲ್ಲಿಟ್ಟು ಅಳೆದಾಗ ಎರಡೂ ಗೆರೆಗಳು ಒಂದೇ ಎತ್ತರದಲ್ಲಿದ್ದವು. ಈ ಯೋಜನೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಗಳಿಗೆ ಅದು.

ಕುದಿಸಿದ ಮಾದರಿಯಲ್ಲಿ ಗಾತ್ರ ತಿಳಿಯಬೇಕಾದಾಗ ಬೇರೆ ಪ್ರತಿಕಾಯವೇ ಬೇಕು. ಬಿಚ್ಚಿದ ಪ್ರೋಟೀನನ್ನೂ ಗುರುತಿಸುವ ಮೊಲದ ಪ್ರತಿಕಾಯವೊಂದನ್ನು ಸಹೋದ್ಯೋಗಿಯೊಬ್ಬರು ಕೊಟ್ಟರು. ಅದು 110ರಲ್ಲಿ ಸ್ಪಷ್ಟ ಗೆರೆ ಕೊಟ್ಟಿತು. ಪಿಎನ್‌ಜಿಯೇಸ್ ಎಫ್ ಎಂಬ ಕಿಣ್ವದಿಂದ ಸಕ್ಕರೆಯ ಸರಪಳಿಗಳನ್ನು ಕತ್ತರಿಸಿದಾಗ ಗೆರೆ 90ಕ್ಕಿಂತ ತುಸು ಕೆಳಗಿಳಿಯಿತು. ಅಮೈನೋ ಆಮ್ಲಗಳನ್ನಷ್ಟೇ ಲೆಕ್ಕ ಹಾಕಿದರೆ ಬರುವ ತೂಕ 88 ಕಿಲೋಡಾಲ್ಟನ್.

ಐದನೆಯ ವಾರ: ಎಲ್ಲವೂ ಹೊಳೆಯುವ ತೊಂದರೆ

ಫ್ಲೋ ಸೈಟೋಮೆಟ್ರಿಯಲ್ಲಿ ನಮಗೆ ಹೋಲಿಕೆಗೆ ಇದ್ದದ್ದು ಮನುಷ್ಯ ಭ್ರೂಣದ ಮೂತ್ರಪಿಂಡದಿಂದ ಬಂದ ಎಚ್‌ಇಕೆ 293ಟಿ ಜೀವಕೋಶಗಳು. ಇವುಗಳ ಮೇಲೆ ಡಿಪಿಪಿ4 ತೀರಾ ಕಡಿಮೆ. ಇವು ಕಾಕೋ-2ರ ಅರ್ಧದಷ್ಟಾದರೂ ಹೊಳೆಯುತ್ತಿದ್ದವು ಎಂದರೆ ನಾವು ಅಳೆಯುತ್ತಿದ್ದುದು ಕಿಣ್ವವನ್ನಲ್ಲ. ಮೊದಲ ಅಪರಾಧಿಯಾದ ಗಂಟುಗಳನ್ನು ಸೆಂಟ್ರಿಫ್ಯೂಜ್ ಆಗಲೇ ತೆಗೆದಿತ್ತು, ಅದರಿಂದ ಸ್ವಲ್ಪ ಇಳಿಯಿತು. ಎರಡನೆಯದು ಸತ್ತ ಜೀವಕೋಶಗಳು. ಪೊರೆ ಹರಿದ ಕೋಶ ಯಾವ ಪ್ರತಿಕಾಯವನ್ನಾದರೂ ಹೀರಿಕೊಳ್ಳುತ್ತದೆ. ನಾವು ಅವನ್ನು ಬೇರ್ಪಡಿಸುವ ಬಣ್ಣವನ್ನೇ ಹಾಕುತ್ತಿರಲಿಲ್ಲ. ಸತ್ತ ಕೋಶಗಳಿಗಷ್ಟೇ ನುಗ್ಗುವ ಬಣ್ಣ ಹಾಕಿ ಅವನ್ನು ಲೆಕ್ಕದಿಂದ ಹೊರಗಿಟ್ಟಾಗ ಎಚ್‌ಇಕೆಯ ಹೊಳಪಿನ ಉದ್ದನೆಯ ಬಾಲ ಮಾಯವಾಯಿತು.

ಮೂರನೆಯದೇ ದೊಡ್ಡದು. ಹಳೆಯ ನೋಟ್‌ಬುಕ್‌ನಲ್ಲಿ ಬರೆದಿದ್ದ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಎಂಬ ಪ್ರಮಾಣವನ್ನೇ ನಾವೂ ಹಾಕುತ್ತಿದ್ದೆವು. 10ರಿಂದ ಆರಂಭಿಸಿ ಪ್ರತಿ ಸಲ ಅರ್ಧಕ್ಕಿಳಿಸುತ್ತ ಎಂಟು ಹಂತಗಳಲ್ಲಿ ಕಾಕೋ-2 ಮತ್ತು ಎಚ್‌ಇಕೆ ಎರಡಕ್ಕೂ ಹಾಕಿ ನೋಡಿದಾಗ, ಕಾಕೋ-2ರ ಹೊಳಪು 1.25ರವರೆಗೂ ಹೆಚ್ಚುಕಡಿಮೆ ಇಳಿಯಲಿಲ್ಲ, ಎಚ್‌ಇಕೆಯದು ಮಾತ್ರ ಪ್ರತಿ ಹಂತದಲ್ಲೂ ಇಳಿಯುತ್ತ 0.6ರ ಹೊತ್ತಿಗೆ ಅದೇ ಪ್ರಮಾಣದ, ಸಿಡಿ26 ಹಿಡಿಯದ ನಿಯಂತ್ರಣ ಇಲಿ ಐಜಿಜಿಯ ಮಟ್ಟಕ್ಕೆ ಬಂತು. ಎರಡರ ನಡುವಿನ ಅಂತರ ಅತಿ ಹೆಚ್ಚಾಗಿದ್ದದ್ದು 0.6ರಲ್ಲಿ. ಅದನ್ನೇ ಕಾಯಂ ಮಾಡಿಕೊಂಡೆವು. ಉಳಿದಿದ್ದ ಪುಟ್ಟ ಸಂಗ್ರಹ ಇದ್ದಕ್ಕಿದ್ದಂತೆ ಹದಿನಾರು ಪಟ್ಟು ಹೆಚ್ಚು ಪರೀಕ್ಷೆಗಳಿಗೆ ಸಾಕಾಗುವಂತಾಯಿತು ಎಂಬುದು ಇದರ ಇನ್ನೊಂದು ಲಾಭ.

ತಟ್ಟೆಯಿಂದ ಜೀವಕೋಶಗಳನ್ನು ಬಿಡಿಸಲು ಬಳಸುವ ಟ್ರಿಪ್ಸಿನ್ ಸ್ವತಃ ಪ್ರೋಟೀನು ಕತ್ತರಿಸುವ ಕಿಣ್ವವಾದ್ದರಿಂದ ಅದರ ಮೇಲೂ ಅನುಮಾನವಿತ್ತು. ಕ್ಯಾಲ್ಸಿಯಂ ಹಿಡಿದು ಜೀವಕೋಶಗಳ ಬೆಸುಗೆ ಸಡಿಲಿಸುವ ಇಡಿಟಿಎ ಮಾತ್ರ ಬಳಸಿ ಬಿಡಿಸಿದವುಗಳ ಜೊತೆ ಹೋಲಿಸಿದಾಗ ವ್ಯತ್ಯಾಸ ಇತ್ತು, ಆದರೆ ಸಣ್ಣದು. ಆದರೂ ಇಡಿಟಿಎಗೇ ಬದಲಾಯಿಸಿದೆವು, ಏಕೆಂದರೆ ಬೇರೆ ಬೇರೆ ದಿನ ಟ್ರಿಪ್ಸಿನ್ ಎಷ್ಟು ಹೊತ್ತು ನಿಂತಿತು ಎಂಬ ಚಿಂತೆ ತಪ್ಪುತ್ತದೆ. ಬಲಿತ ಕಾಕೋ-2 ಪದರ ಇಡಿಟಿಎಯಲ್ಲಿ ಬಿಡಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ, ಗೊಂಚಲುಗಳಾಗಿ ಬರುತ್ತದೆ, 40 ಮೈಕ್ರಾನ್ ಜಾಲರಿಯಲ್ಲಿ ಸೋಸಲೇಬೇಕು. ಬಣ್ಣ ಹಾಕುವ ಕೆಲಸವನ್ನೆಲ್ಲ ಮಂಜುಗಡ್ಡೆಯ ಮೇಲೆ ಮಾಡುತ್ತೇವೆ. ಬೆಚ್ಚಗಿದ್ದರೆ ಪ್ರತಿಕಾಯ ಅಂಟಿದ ಸಿಡಿ26 ಮೇಲ್ಮೈಯಿಂದ ಒಳಗೆ ಸರಿಯಬಹುದು.

ಒಂದು ವಿಷಯವನ್ನು ಪರೀಕ್ಷಿಸಿ ಕೈಬಿಟ್ಟೆವು. ಅಡೆನೋಸಿನ್ ಡಿಅಮಿನೇಸ್ ಎಂಬ ಇನ್ನೊಂದು ಕಿಣ್ವ ಸಿಡಿ26ರ ಗಿರಿಗಿಟ್ಟೆ ಭಾಗಕ್ಕೆ ಅಂಟಿಕೊಳ್ಳುತ್ತದೆ, ಆಕಳದ್ದೂ ಮನುಷ್ಯನ ಸಿಡಿ26ಕ್ಕೆ ಅಂಟುತ್ತದೆ, ಕೆಲವು ಪ್ರತಿಕಾಯಗಳು ಹಿಡಿಯುವುದೂ ಅದೇ ಜಾಗವನ್ನು. ಸೀರಂನಲ್ಲಿರುವ ಡಿಅಮಿನೇಸ್ ನಮ್ಮ ಜಾಗವನ್ನು ಮುಚ್ಚಿರಬಹುದೇ ಎಂದು ಶುದ್ಧ ಡಿಅಮಿನೇಸ್ ಮೊದಲೇ ಹಾಕಿ ನೋಡಿದೆವು. ಹೊಳಪು ಇಳಿಯಲಿಲ್ಲ.

ಆರನೆಯ ವಾರ: ಕಿಣ್ವವನ್ನು ತೆಗೆದು ನೋಡುವುದು

ಎಚ್‌ಇಕೆ ಮತ್ತು ಕಾಕೋ-2 ಬೇರೆ ಬೇರೆ ಬಗೆಯ ಜೀವಕೋಶಗಳು. ಅವುಗಳ ನಡುವೆ ಡಿಪಿಪಿ4 ಒಂದರದ್ದೇ ವ್ಯತ್ಯಾಸವಲ್ಲ. 2016ರಲ್ಲಿ ಪ್ರತಿಕಾಯ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು ಮುಂದಿಟ್ಟ ಐದು ಬಗೆಯ ಪರೀಕ್ಷೆಗಳಲ್ಲಿ ಜೀನನ್ನೇ ತಗ್ಗಿಸಿ ನೋಡುವುದೂ ಒಂದು, ಪ್ರತಿಕಾಯದ ಹಂಗಿಲ್ಲದ ಅಳತೆಯೊಂದಿಗೆ ತಾಳೆ ನೋಡುವುದು ಇನ್ನೊಂದು. ನಾವು ಎರಡನ್ನೂ ಮಾಡಿದೆವು.

ಎಳೆಯ ಕಾಕೋ-2ಗಳಲ್ಲಿ ಡಿಪಿಪಿ4 ತಯಾರಿಸುವ ಆರ್‌ಎನ್‌ಎ ಸಂದೇಶವನ್ನು ಕತ್ತರಿಸುವ ಎಸ್‌ಐಆರ್‌ಎನ್‌ಎ ಹಾಕಿ 48 ಗಂಟೆಗಳ ನಂತರ ನೋಡಿದಾಗ ಹೊಳಪು ಅಷ್ಟೇನೂ ಇಳಿದಿರಲಿಲ್ಲ. ಪ್ರತಿಕಾಯ ಮತ್ತೆ ಸೋತಿತೆ ಎಂದು ಒಂದು ಸಂಜೆ ಇಬ್ಬರೂ ಕಳೆಗುಂದಿದೆವು. ಆದರೆ ಸಂದೇಶದ ಪ್ರಮಾಣವನ್ನು ಅಳೆದಾಗ ಅದು ಚೆನ್ನಾಗಿಯೇ ತಗ್ಗಿತ್ತು. ಹೊಸ ಕಿಣ್ವ ತಯಾರಾಗುವುದು ನಿಂತರೂ ಪೊರೆಯ ಮೇಲೆ ಆಗಲೇ ಕುಳಿತಿರುವ ಕಿಣ್ವ ಬೇಗ ಹೋಗುವುದಿಲ್ಲ, ಅಷ್ಟೇ. ಎರಡನೆಯ ದಿನ ಇನ್ನೊಮ್ಮೆ ಎಸ್‌ಐಆರ್‌ಎನ್‌ಎ ಹಾಕಿ ಐದನೆಯ ದಿನದವರೆಗೆ ಕಾದಾಗ ಇಡೀ ಗುಂಪಿನ ಹೊಳಪು ನಕ್ಷೆಯಲ್ಲಿ ಎಡಕ್ಕೆ, ಅಂದರೆ ಕಡಿಮೆಯ ಕಡೆಗೆ, ಸರಿಯಿತು. ಎರಡು ಬೇರೆ ಬೇರೆ ಎಸ್‌ಐಆರ್‌ಎನ್‌ಎಗಳಲ್ಲೂ ಹಾಗೆಯೇ ಆಯಿತು, ಗುರಿಯಿಲ್ಲದ ನಿಯಂತ್ರಣದಲ್ಲಿ ಆಗಲಿಲ್ಲ.

ಎರಡನೆಯ ಅಳತೆಗೆ ಗ್ಲೈಸಿಲ್-ಪ್ರೋಲಿಲ್-ಪಿಎನ್‌ಎ ಬಳಸಿದೆವು; ಕತ್ತರಿಸಿದಾಗ ಹಳದಿ ಬಣ್ಣ ಬರುತ್ತದೆ, 405 ನ್ಯಾನೋಮೀಟರ್‌ನಲ್ಲಿ ಓದಬಹುದು. ಜೀವಕೋಶಗಳನ್ನು ಒಡೆಯದೆ, ತಟ್ಟೆಯಲ್ಲಿರುವಂತೆಯೇ ಅಳೆಯಬೇಕು, ಏಕೆಂದರೆ ಒಳಗಿರುವ ಸೋದರ ಕಿಣ್ವಗಳಾದ ಡಿಪಿಪಿ8 ಮತ್ತು ಡಿಪಿಪಿ9 ಕೂಡ ಇದೇ ಪೆಪ್ಟೈಡನ್ನು ಕತ್ತರಿಸುತ್ತವೆ. ಮೊದಲ ಸಲ ಮಾಡಿದಾಗ ಜೀವಕೋಶಗಳೇ ಇಲ್ಲದ, ಬರಿಯ ಬೆಳೆಸುವ ದ್ರವವಿದ್ದ ಗುಳಿಗಳೂ ಹಳದಿಯಾದವು. ಆಕಳ ಸೀರಂನಲ್ಲೂ ಡಿಪಿಪಿ4 ಚಟುವಟಿಕೆ ಇದೆ! ನಮ್ಮ ಪ್ರತಿಕಾಯ ಮನುಷ್ಯನದಕ್ಕೆ ಮೀಸಲಾದರೂ ಪಿಎನ್‌ಎಗೆ ಆ ಭೇದವಿಲ್ಲ. ಸೀರಂ ಇಲ್ಲದ ದ್ರವದಲ್ಲಿ ಮೂರು ಸಲ ತೊಳೆದು, ಸೀರಂ ಇಲ್ಲದೆಯೇ ಅಳೆದಾಗ ಖಾಲಿ ಗುಳಿಗಳು ಬಣ್ಣವಿಲ್ಲದೆ ಉಳಿದವು. ಜೀವಕೋಶಗಳಿರುವ ಗುಳಿಗಳ ಹಳದಿ ಒಂದು ಮೈಕ್ರೋಮೋಲಾರ್ ಸಿಟಾಗ್ಲಿಪ್ಟಿನ್ ಹಾಕಿದಾಗ ಬಹುಪಾಲು ನಿಂತಿತು. ಆ ಪ್ರಮಾಣದಲ್ಲಿ ಅದು ಡಿಪಿಪಿ4ನ್ನು ತಡೆದು 8 ಮತ್ತು 9ನ್ನು ಬಿಟ್ಟುಬಿಡುತ್ತದೆ. ಎಸ್‌ಐಆರ್‌ಎನ್‌ಎ ಹಾಕಿದ ತಟ್ಟೆಗಳಲ್ಲಿ ಹಳದಿಯೂ ಪ್ರತಿಕಾಯದ ಹೊಳಪೂ ಜೊತೆಜೊತೆಯಾಗಿ ಇಳಿದವು.

ಏಳನೆಯ ವಾರ

ಮೂರನೆಯ, ಏಳನೆಯ, ಹದಿನಾಲ್ಕನೆಯ ಮತ್ತು ಇಪ್ಪತ್ತೊಂದನೆಯ ದಿನದ ಕಾಕೋ-2ಗಳನ್ನು ಒಟ್ಟಿಗೆ ಓಡಿಸಿದೆವು. ಹೊಳಪು ದಿನದಿಂದ ದಿನಕ್ಕೆ ಏರಿತು, ಪಿಎನ್‌ಎ ಅಳತೆಯೂ ಅದೇ ಕ್ರಮದಲ್ಲಿ ಏರಿತು. ಹೊಸ ಟ್ಯೂಬು ಇದೇ ವಾರ ಬಂತು. ಅದನ್ನು ಹಳೆಯದರ ಪಕ್ಕದಲ್ಲಿಟ್ಟು ಅದೇ ಎಂಟು ಹಂತಗಳಲ್ಲಿ ಪರೀಕ್ಷಿಸಿದಾಗ ಹೊಸದು 0.3ರಲ್ಲೇ ತೃಪ್ತಿಕರವಾಗಿ ಕೆಲಸ ಮಾಡಿತು. ಫ್ರೀಜರ್‌ನ ಬಾಗಿಲಿನಲ್ಲಿ ಕಳೆದುಹೋದದ್ದು ಎಷ್ಟು ಎಂಬುದಕ್ಕೆ ಇದೇ ಅಳತೆ. ಹೊಸದನ್ನು ಹತ್ತು ಹತ್ತು ಮೈಕ್ರೋಲೀಟರ್‌ಗಳಾಗಿ ಹಂಚಿ ಫ್ರಿಜ್ಜಿನ ನಡುವಿನ ಹಲಗೆಯಲ್ಲಿ 4 ಡಿಗ್ರಿಯಲ್ಲಿ ಇಟ್ಟಿದ್ದೇವೆ.

ಫಾರ್ಮಲಿನ್‌ನಲ್ಲಿ ಇಟ್ಟು ಮೇಣದಲ್ಲಿ ಕೂರಿಸಿದ ಅಂಗಾಂಶದ ಮೇಲೆ ಈ ಕ್ಲೋನ್ ಇನ್ನೂ ಏನನ್ನೂ ತೋರಿಸಿಲ್ಲ. ಶಾಖ ಕೊಟ್ಟು ಗುರುತನ್ನು ಮರಳಿಸುವ ಎರಡು ಬಗೆಯ ಬಫರ್‌ಗಳನ್ನು ಪ್ರಯತ್ನಿಸಿ ನಿಲ್ಲಿಸಿದ್ದೇವೆ, ಆ ಕೆಲಸಕ್ಕೆ ಮೊಲದ ಪ್ರತಿಕಾಯವನ್ನೇ ಬಳಸುತ್ತಿದ್ದೇವೆ. ಪೆಟ್ಟಿಗೆಯ ಮುಚ್ಚಳದ ಮೇಲೆ ವಿದ್ಯಾರ್ಥಿನಿ ತನ್ನ ದುಂಡನೆಯ ಅಕ್ಷರಗಳಲ್ಲಿ ಹೀಗೆ ಬರೆದು ಅಂಟಿಸಿದ್ದಾಳೆ: “ಸಿಡಿ26, ಇಲಿ. ಜೀವಂತ ಕೋಶಗಳಿಗೆ 0.3. ಬ್ಲಾಟ್‌ಗೆ ಕುದಿಸಬೇಡಿ, ಡಿಟಿಟಿ ಹಾಕಬೇಡಿ. ಫ್ರೀಜರ್‌ಗೆ ಇಡಬೇಡಿ. ಪ್ರೈಮರಿ ಇಲ್ಲದ ಪಟ್ಟಿಯನ್ನು ಬಿಡಬೇಡಿ.”